ಮನೆಯಡುಗೆಯ ವ್ಯಾಪಾರ: ಹಲಾಲ್ ಆದರಷ್ಟೇ ಸಾಕೇ?

ರಮದಾನ್ ತಿಂಗಳಲ್ಲಿ ಅಸ್ರ್ ನಮಾಝ್ ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯ ಮುಸ್ಲಿಮ್ ಮೊಹಲ್ಲಾಗಳಲ್ಲಿ ಅಡುಗೆಮನೆಗಳೇ ಅಂಗಡಿಗಳಾಗುತ್ತವೆ. ಒಂದು ಮನೆಯಿಂದ ಸಮೋಸ, ಇನ್ನೊಂದರಿಂದ ಪತ್ತಿರ್, ಮತ್ತೊಂದರಿಂದ ಕಟ್ಲೆಟ್, ತುಪ್ಪದನ್ನ, ಕೋಳಿ ಸಾರು. ಯಾವ ಮನೆಯ ಮುಂದೆಯೂ ನಾಮಫಲಕವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಸಂದೇಶ, ಗೇಟಿನ ಬಳಿ ಬಂದು ನಿಲ್ಲುವ ಒಬ್ಬ ಹುಡುಗ, ಕೈಗೆ ಸಿಗುವ ಒಂದು ಬಿಸಿ ಪೊಟ್ಟಣ, ವ್ಯಾಪಾರವೆಂದರೆ ಇಷ್ಟೇ. ಆದರೆ ಈ ಸಣ್ಣ ವ್ಯಾಪಾರದಿಂದ ಎಷ್ಟೋ ಮಕ್ಕಳ ಶಾಲಾ ಶುಲ್ಕ ಪಾವತಿಯಾಗುತ್ತದೆ, ಎಷ್ಟೋ ವಿಧವೆಯರ ಮನೆಯ ಒಲೆ ಉರಿಯುತ್ತದೆ. ಆದುದರಿಂದ ಇದರ ಬಗ್ಗೆ ಬರೆಯುವಾಗ ಲೇಖನಿ ಎಚ್ಚರದಿಂದ ಚಲಿಸಬೇಕು.

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ. ನಾನು ಕಲಿಸುವ ಮದ್ರಸದಲ್ಲಿ ಮಕ್ಕಳಿಗೆ ಇಫ್ತಾರ್ ಏರ್ಪಡಿಸಿದ್ದೆವು. ತುಪ್ಪದನ್ನ ಮತ್ತು ಕೋಳಿ ಸಾರನ್ನು ಪತಿಯನ್ನು ಕಳೆದುಕೊಂಡ ಓರ್ವ ಸಹೋದರಿಯ ಮನೆಯಿಂದ ತರಿಸಿದೆವು. ಅವರ ಹೆಸರನ್ನು ಸೂಚಿಸಿದವನು ನಾನೇ. ಅಂದಿನ ರಾತ್ರಿ ಒಂಬತ್ತು ಮಕ್ಕಳಿಗೆ ವಾಂತಿ ಆರಂಭವಾಯಿತು. ಅಲ್ಲಾಹನ ಅನುಗ್ರಹದಿಂದ ಎರಡು ದಿನಗಳಲ್ಲಿ ಎಲ್ಲರೂ ಚೇತರಿಸಿಕೊಂಡರು. ಮಕ್ಕಳನ್ನು ಪರೀಕ್ಷಿಸಿದ ವೈದ್ಯರು ಅಡುಗೆ ಮಾಡಿದವರು ಯಾರೆಂದು ಕೇಳಲಿಲ್ಲ. ಯಾವ ಹೊತ್ತಿಗೆ ಮಾಡಿದ್ದು, ಆ ಬಳಿಕ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ಝುಹರ್‌ಗೆ ಮುನ್ನವೇ ಬೇಯಿಸಿದ ಅನ್ನವನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿಸಿ, ಮಗ್ರಿಬ್ ತನಕ ಸುಮಾರು ಆರು ಗಂಟೆಗಳ ಕಾಲ ಮದ್ರಸದ ಕಚೇರಿಯಲ್ಲಿ ಪೇರಿಸಿಟ್ಟಿದ್ದೆವು. ಕೊನೆಯ ಗಳಿಗೆಯ ಗಡಿಬಿಡಿ ಬೇಡವೆಂದು ಅಷ್ಟು ಬೇಗ ಕಳುಹಿಸಲು ಹೇಳಿದವರೂ ನಾವೇ.

ಆದರೆ ಊರಿನ ಬಾಯಿಗೆ ಬಿದ್ದದ್ದು ಆ ಸಹೋದರಿ. ಅವರು ಹಣವನ್ನು ಹಿಂದಿರುಗಿಸಿದರು. ಅವರಿಗೆ ಬರುತ್ತಿದ್ದ ಬೇಡಿಕೆಗಳೆಲ್ಲ ಒಂದೇ ವಾರದಲ್ಲಿ ನಿಂತುಹೋದವು. ನನ್ನನ್ನು ಇಂದಿಗೂ ಕಾಡುವುದು ಬೇರೊಂದು ನೆನಪು. ಆ ಘಟನೆಗೆ ಒಂದು ವರ್ಷ ಮೊದಲು ಅವರು ನನ್ನ ಬಳಿ, "ಉಸ್ತಾದರೇ, ಅಡುಗೆ ಮಾಡಿ ಮಾರಲು ಸರಕಾರದ ನೋಂದಣಿ ಬೇಕಂತೆ. ಮಾಡಿಸಿಕೊಳ್ಳಲೇ?" ಎಂದು ಕೇಳಿದ್ದರು. "ಮನೆಯಡುಗೆಗೆ ಅದೆಲ್ಲ ಯಾಕಮ್ಮಾ? ಬಿಸ್ಮಿಲ್ಲಾಹ್ ಹೇಳಿ ಮಾಡಿ. ಹಲಾಲ್ ಆಗಿದ್ದರೆ ಸಾಕು" ಎಂದು ನಾನು ಉತ್ತರಿಸಿದ್ದೆ.

ಆ ಉತ್ತರ ತಪ್ಪಾಗಿತ್ತು. ಅದೇಕೆ ತಪ್ಪು ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ದುಡಿಮೆಯ ಗೌರವ

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಸ್ತ್ರೀಯೊಬ್ಬಳು ತನ್ನ ಕೈಯ ಕಸುಬಿನಿಂದ ಸಂಪಾದಿಸುವುದನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ತನ್ನ ಕೈಯ ದುಡಿಮೆಯಿಂದ ಉಣ್ಣುವ ಅನ್ನಕ್ಕಿಂತ ಉತ್ತಮ ಅನ್ನವಿಲ್ಲವೆಂದೂ ಪ್ರವಾದಿ ದಾವೂದ್(ಅ)ರು ಹಾಗೆಯೇ ಉಣ್ಣುತ್ತಿದ್ದರೆಂದೂ ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದನ್ನು ಇಮಾಮ್ ಬುಖಾರಿಯವರು ವರದಿ ಮಾಡಿದ್ದಾರೆ. ಪ್ರವಾದಿ ಪತ್ನಿ ಝೈನಬ್ ಬಿಂತ್ ಜಹ್ಶ್(ರ)ರು ತಮ್ಮ ಕೈಗಳಿಂದ ದುಡಿದು, ಬಂದುದನ್ನು ದಾನ ಮಾಡುತ್ತಿದ್ದರು. ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ)ರ ಪತ್ನಿ, ಅವರ ಹೆಸರೂ ಝೈನಬ್, ತಮ್ಮ ಪತಿಗೂ ತಮ್ಮ ಆಶ್ರಯದಲ್ಲಿದ್ದ ಅನಾಥರಿಗೂ ತಾವು ಖರ್ಚು ಮಾಡಿದರೆ ಪುಣ್ಯವಿದೆಯೇ ಎಂದು ಕೇಳಿಸಿದಾಗ, ಎರಡು ಪಟ್ಟು ಪುಣ್ಯವಿದೆ ಎಂಬ ಉತ್ತರ ದೊರೆಯಿತು: ಒಂದು ಬಂಧುತ್ವಕ್ಕೆ, ಇನ್ನೊಂದು ದಾನಕ್ಕೆ.

ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ (4:32) ಪುರುಷರ ಸಂಪಾದನೆಯಲ್ಲಿ ಪುರುಷರಿಗೂ ಸ್ತ್ರೀಯರ ಸಂಪಾದನೆಯಲ್ಲಿ ಸ್ತ್ರೀಯರಿಗೂ ಪಾಲಿದೆ ಎನ್ನುತ್ತದೆ. ಮನೆಯಡುಗೆಯ ವ್ಯಾಪಾರದಲ್ಲಿ ದುಡಿಯುವವಳು ಪತ್ನಿ, ಹಣ ಎಣಿಸುವವನು ಪತಿ ಎಂಬ ಸ್ಥಿತಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಆ ಹಣ ಅವಳದು. ಅವಳು ಮನೆಗೆ ಖರ್ಚು ಮಾಡಿದರೆ ಅದು ಅವಳ ಔದಾರ್ಯ, ಪತಿಯ ಹಕ್ಕಲ್ಲ. ನಿಯಮಗಳ ಮಾತು ಆರಂಭವಾಗಬೇಕಾದುದು ಇಲ್ಲಿಂದಲೇ.

ದುಡಿಮೆಗೆ ಇಷ್ಟು ಗೌರವ ಇರುವಾಗ ದುಡಿಮೆಯ ಶುದ್ಧಿಗೂ ಅಷ್ಟೇ ಬೆಲೆ ಇರಬೇಡವೇ?

ಹಲಾಲ್ ಎಂಬ ಪದದ ಜೊತೆಗಾರ

ನಾವು ಆಹಾರದ ಕುರಿತು ಮಾತನಾಡುವಾಗ ಕೇಳುವ ಮೊದಲ ಮತ್ತು ಕೊನೆಯ ಪ್ರಶ್ನೆ: ಕೋಳಿಯನ್ನು ಕೊಯ್ದವರು ಯಾರು? ಆ ಪ್ರಶ್ನೆ ಬೇಕು. ಆದರೆ ಅಲ್‌ಬಕರ ಅಧ್ಯಾಯದ 168ನೆಯ ವಚನವು ಸಕಲ ಮನುಷ್ಯರನ್ನು ಉದ್ದೇಶಿಸಿ ಆಹಾರದ ಬಗ್ಗೆ ಆದೇಶ ನೀಡುವಾಗ ಹಲಾಲ್ ಎಂಬ ಒಂದು ಪದಕ್ಕೆ ನಿಲ್ಲುವುದಿಲ್ಲ. ತಯ್ಯಿಬ್ ಎಂಬ ಇನ್ನೊಂದು ಪದವನ್ನು ಅದರ ಜೊತೆಗೆ ಇರಿಸುತ್ತದೆ. ತಯ್ಯಿಬ್ ಎಂದರೆ ಒಳ್ಳೆಯದು, ಶುದ್ಧವಾದುದು, ದೇಹಕ್ಕೂ ಮನಸ್ಸಿಗೂ ಹಿತವಾದುದು. ಸರಿಯಾಗಿ ಝಬಹ್ ಮಾಡಿದ ಕೋಳಿಯೂ ಆರು ಗಂಟೆಗಳ ಕಾಲ ಸೆಖೆಯಲ್ಲಿ ಕುಳಿತರೆ ತಯ್ಯಿಬ್ ಆಗಿ ಉಳಿಯುವುದಿಲ್ಲ. ನಾವು ಮೊದಲ ಪದವನ್ನು ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟಿದ್ದೇವೆ. ಅಂದು ನಾನು ಕೊಟ್ಟ ಉತ್ತರದಲ್ಲಿ ಬಿಟ್ಟುಹೋದದ್ದು ಈ ಪದವೇ.

ಸಹೀಹ್ ಮುಸ್ಲಿಮ್‌ನಲ್ಲಿ ಅಬೂಹುರೈರಾ(ರ)ರಿಂದ ವರದಿಯಾದ ಒಂದು ಘಟನೆ ನಮಗೆಲ್ಲ ಗೊತ್ತಿದೆ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಒಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಗಲಿತು. ಕೇಳಿದಾಗ ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಿದ್ದರೆ ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿ(ಸ)ರು ಪ್ರಶ್ನಿಸಿದರು. ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು.

ಈ ಹದೀಸನ್ನು ನಾವು ವಂಚನೆಯ ವಿರುದ್ಧದ ಉಪದೇಶವಾಗಿ ಮಾತ್ರ ಹೇಳಿ ಮುಗಿಸುತ್ತೇವೆ. ಇನ್ನೂ ಸ್ವಲ್ಪ ಗಮನವಿಟ್ಟು ನೋಡಬೇಕು. ಮಳೆ ಬಂದುದಕ್ಕೆ ವ್ಯಾಪಾರಿಯನ್ನು ಯಾರೂ ದೂರಲಿಲ್ಲ. ಧಾನ್ಯ ನೆನೆದುದೂ ಅಪರಾಧವಾಗಲಿಲ್ಲ. ನೆನೆದುದನ್ನು ಒಣಗಿದ ಧಾನ್ಯದ ಅಡಿಯಲ್ಲಿ ಇರಿಸಿದ್ದು ಅಪರಾಧವಾಯಿತು. ಬಡ ಸಹೋದರಿಯ ಅಡುಗೆಮನೆ ಚಿಕ್ಕದಾಗಿರುವುದು ತಪ್ಪಲ್ಲ. ಅವಳ ಬಳಿ ದೊಡ್ಡ ಫ್ರಿಜ್ ಇಲ್ಲದಿರುವುದೂ ತಪ್ಪಲ್ಲ. ನಿನ್ನೆ ಉಳಿದ ಸಮೋಸವನ್ನು ಇಂದು ಮತ್ತೊಮ್ಮೆ ಎಣ್ಣೆಗೆ ಬಿಟ್ಟು ಹೊಸದರ ಜೊತೆ ಬೆರೆಸಿ ಕೊಟ್ಟರೆ ಅದು ತಪ್ಪು. ತಯಾರಿಸಿದ ದಿನಾಂಕವನ್ನು ಪೊಟ್ಟಣದ ಮೇಲೆ ಬರೆಯುವುದೆಂದರೆ ಒದ್ದೆ ಧಾನ್ಯವನ್ನು ರಾಶಿಯ ಮೇಲೆ ಇಡುವುದೇ ಆಗಿದೆ.

ನಮಗೆ ಹೊಸತಲ್ಲದ ನಿಯಮಗಳು

ಆಹಾರ ಮಾರುವವರ ಮೇಲೆ ನಿಯಮ ಹೇರುವುದು ಇಂದಿನ ಸರಕಾರಗಳ ಕಿರುಕುಳ ಎಂದು ಭಾವಿಸುವವರು ನಮ್ಮದೇ ಚರಿತ್ರೆಯನ್ನು ಓದಬೇಕು. ಖಲೀಫಾ ಉಮರ್(ರ)ರು ಶಿಫಾ ಬಿಂತ್ ಅಬ್ದುಲ್ಲಾಹ್(ರ) ಎಂಬ ಸಹಾಬಿ ಮಹಿಳೆಗೆ ಮದೀನದ ಮಾರುಕಟ್ಟೆಯ ಕೆಲವು ಹೊಣೆಗಳನ್ನು ವಹಿಸಿದ್ದರೆಂಬ ವರದಿಗಳಿವೆ. ಮುಂದೆ ಮುಸ್ಲಿಮ್ ನಗರಗಳಲ್ಲಿ ಹಿಸ್ಬಾ ಎಂಬ ವ್ಯವಸ್ಥೆಯೇ ಬೆಳೆಯಿತು. ಅದರ ಅಧಿಕಾರಿಯಾದ ಮುಹ್ತಸಿಬ್ ತೂಕ, ಅಳತೆ, ಆಹಾರದ ಶುಚಿತ್ವ ಎಲ್ಲವನ್ನೂ ಪರಿಶೀಲಿಸುತ್ತಿದ್ದನು.

12ನೆಯ ಶತಮಾನದಲ್ಲಿ ಸಿರಿಯಾದ ಶೈಝರೀ ಎಂಬ ವಿದ್ವಾಂಸರು ಮುಹ್ತಸಿಬರ ಮಾರ್ಗದರ್ಶನಕ್ಕಾಗಿ ಒಂದು ಗ್ರಂಥ ರಚಿಸಿದರು. ಅದರಲ್ಲಿ ರೊಟ್ಟಿ ಸುಡುವವರು, ಮಾಂಸ ಮಾರುವವರು, ಅಡುಗೆ ಮಾಡುವವರು ಮೊದಲಾದವರಿಗೆ ಪ್ರತ್ಯೇಕ ಅಧ್ಯಾಯಗಳಿವೆ. ನಮ್ಮ ಜಿಲೇಬಿಯ ಹಿರಿಯಕ್ಕನಂತಿರುವ ಝಲಾಬಿಯಾ ಕರಿಯುವವರಿಗೂ ಒಂದು ಅಧ್ಯಾಯವಿದೆ. ಹಿಟ್ಟು ನಾದುವವನು ಕಾಲಿನಿಂದ ತುಳಿದು ನಾದಬಾರದು. ಸೀನಿದಾಗಲೂ ಮಾತನಾಡಿದಾಗಲೂ ಹನಿ ಸಿಡಿಯದಂತೆ ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಬೆವರು ಹಿಟ್ಟಿಗೆ ತೊಟ್ಟಿಕ್ಕದಂತೆ ಹಣೆಗೆ ಪಟ್ಟಿ ಕಟ್ಟಿಕೊಳ್ಳಬೇಕು. ಹಗಲಿನಲ್ಲಿ ನಾದುವಾಗ ನೊಣ ಓಡಿಸಲು ಒಬ್ಬನು ಬಳಿಯಲ್ಲಿರಬೇಕು. ಸೂಕ್ಷ್ಮಾಣುಜೀವಿಗಳ ಅರಿವು ಯಾರಿಗೂ ಇಲ್ಲದ ಕಾಲದಲ್ಲಿ ನಮ್ಮ ಪೂರ್ವಿಕರು ಇಷ್ಟು ಎಚ್ಚರ ವಹಿಸಿದ್ದರು. ಅದನ್ನು ಅವರು ಧರ್ಮದಿಂದ ಹೊರಗಿನ ವಿಷಯವೆಂದು ತಿಳಿದಿರಲಿಲ್ಲ. ಒಳಿತನ್ನು ಆದೇಶಿಸುವ, ಕೆಡುಕನ್ನು ತಡೆಯುವ ಕರ್ತವ್ಯದ ಒಂದು ಭಾಗವೆಂದೇ ತಿಳಿದಿದ್ದರು.

ನಮ್ಮ ದೇಶದ ಕಾನೂನು

ಭಾರತದಲ್ಲಿ ಇಂದು ಆ ಹೊಣೆಯನ್ನು ಹೊತ್ತಿರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಹಾಗೂ ಅದರಡಿ ರಚಿತವಾದ ಎಫ್‌ಎಸ್‌ಎಸ್‌ಎಐ ಪ್ರಾಧಿಕಾರ. ಕಾಯಿದೆಯ 31ನೆಯ ವಿಧಿಯ ಪ್ರಕಾರ ಆಹಾರ ವ್ಯಾಪಾರಕ್ಕೆ ಪರವಾನಿಗೆ ಬೇಕು. ಸಣ್ಣ ತಯಾರಕರಿಗೆ ಪರವಾನಿಗೆಯಿಂದ ವಿನಾಯಿತಿ ಇದೆ, ಆದರೆ ಅವರು ನೋಂದಣಿ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ತಯಾರಿಸಿದರೆ ಈ ನಿಯಮ ಅನ್ವಯಿಸದು ಎಂದು ಎಲ್ಲಿಯೂ ಹೇಳಿಲ್ಲ. ಒಲೆ ಎಲ್ಲಿದೆ ಎಂಬುದು ಮುಖ್ಯವಲ್ಲ, ಮಾರಾಟ ಇದೆಯೇ ಎಂಬುದು ಮುಖ್ಯ.

2011ರಲ್ಲಿ ಜಾರಿಗೆ ಬಂದ ನೋಂದಣಿ ನಿಯಮಗಳು ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದವರನ್ನು ಸಣ್ಣ ವ್ಯಾಪಾರಿಗಳೆಂದು ಪರಿಗಣಿಸಿ, ವರ್ಷಕ್ಕೆ 100 ರೂಪಾಯಿಯ ನೋಂದಣಿ ಶುಲ್ಕವನ್ನು ನಿಗದಿಪಡಿಸಿದವು. ದಿನಕ್ಕೆ 1,000 ರೂಪಾಯಿಯ ತಿಂಡಿ ಮಾರುವ ಸಹೋದರಿಯ ವರ್ಷದ ವಹಿವಾಟು 3,65,000 ರೂಪಾಯಿ. ಅಂದರೆ ನಮ್ಮ ಮೊಹಲ್ಲಾಗಳ ಬಹುತೇಕ ಮನೆಯಡುಗೆಗಳು ಈ ಮಿತಿಯೊಳಗೇ ಬರುತ್ತವೆ. ಅರ್ಜಿಯನ್ನು ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ಸಲ್ಲಿಸಬಹುದು. ಭಾವಚಿತ್ರ, ಗುರುತಿನ ದಾಖಲೆ, ಅಡುಗೆ ಮಾಡುವ ಸ್ಥಳದ ವಿಳಾಸ, ತಯಾರಿಸುವ ಆಹಾರದ ವಿವರ, ಇವು ಮುಖ್ಯವಾಗಿ ಬೇಕಾಗುವಂಥವು. ಸಿಗುವ 14 ಅಂಕಿಗಳ ಸಂಖ್ಯೆಯೇ ಅವರ ಗುರುತು. ಆಹಾರ ತಲುಪಿಸುವ ಆ್ಯಪ್‌ಗಳು ಈ ಸಂಖ್ಯೆಯಿಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ನೋಂದಣಿ ಒಂದು ಹೊರೆಯಷ್ಟೇ ಅಲ್ಲ, ಗೇಟಿನಾಚೆಯ ಗಿರಾಕಿಗಳತ್ತ ತೆರೆಯುವ ಬಾಗಿಲೂ ಹೌದು.

ನೋಂದಣಿಯೊಂದಿಗೆ ಕೆಲವು ಶುಚಿತ್ವದ ನಿಯಮಗಳೂ ಬರುತ್ತವೆ: ಕುಡಿಯಲು ಯೋಗ್ಯವಾದ ನೀರು, ಶುಚಿಯಾದ ಪಾತ್ರೆ, ಹಸಿ ಮಾಂಸಕ್ಕೂ ಬೆಂದ ಆಹಾರಕ್ಕೂ ಪ್ರತ್ಯೇಕ ಸ್ಥಳ, ಮುಚ್ಚಿದ ಕಸದ ಬುಟ್ಟಿ, ಕತ್ತರಿಸಿದ ಉಗುರು, ಸಾಂಕ್ರಾಮಿಕ ರೋಗವಿದ್ದಾಗ ಅಡುಗೆಯಿಂದ ದೂರ ಇರುವುದು. ನಿದ್ದೆಯಿಂದ ಎದ್ದವನು ಕೈ ತೊಳೆಯದೆ ನೀರಿನ ಪಾತ್ರೆಗೆ ಕೈ ಹಾಕಬಾರದೆಂದೂ ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದೂ ಹದೀಸ್‌ಗಳಲ್ಲಿ ಕಲಿತವರಿಗೆ ಇವುಗಳಲ್ಲಿ ಅಪರಿಚಿತವಾದುದು ಯಾವುದಿದೆ?

ಅಡುಗೆಮನೆಯಲ್ಲಿ ನೆನಪಿಡಬೇಕಾದುದು

ಎಲ್ಲ ನಿಯಮಗಳಿಗಿಂತ ಮುಖ್ಯವಾದುದು ಸಮಯ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 60 ಡಿಗ್ರಿಗಿಂತ ಕೆಳಗೆ ಇರುವ ಬೆಂದ ಆಹಾರದಲ್ಲಿ ರೋಗಾಣುಗಳು ವೇಗವಾಗಿ ವೃದ್ಧಿಯಾಗುತ್ತವೆ. ಬೆಂದ ಆಹಾರವನ್ನು ಕೋಣೆಯ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕುಳಿತಿರುವಾಗ ಅವು ಮೊಳೆತು ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಮ್ಮ ಇಫ್ತಾರ್‌ಗಳಲ್ಲಿ, ನಿಕಾಹ್ ಔತಣಗಳಲ್ಲಿ ತುಪ್ಪದನ್ನವೂ ಬಿರಿಯಾನಿಯೂ ಗಂಟೆಗಟ್ಟಲೆ ಕಾಯುವುದನ್ನು ಕಂಡವರಿಗೆ ಇದರ ಗಾಂಭೀರ್ಯ ಅರ್ಥವಾದೀತು. ಮಗ್ರಿಬ್‌ಗೆ ಬೇಕಾದ ಊಟ ಅಸ್ರ್‌ನ ನಂತರವೇ ಒಲೆಯಿಂದ ಇಳಿಯಬೇಕು. ಬೇಗ ಬೇಕೆಂದು ಒತ್ತಾಯಿಸುವ ಗಿರಾಕಿಗೆ ಇಲ್ಲವೆನ್ನುವ ಧೈರ್ಯ ಅಡುಗೆಯವಳಿಗೆ ಇರಬೇಕು.

ಎರಡನೆಯದು ಎಣ್ಣೆ. ಒಂದೇ ಎಣ್ಣೆಯಲ್ಲಿ ದಿನಗಟ್ಟಲೆ ಕರಿಯುತ್ತ ಹೋದರೆ ಅದು ಕಪ್ಪಾಗಿ ದೇಹಕ್ಕೆ ಹಾನಿ ಮಾಡುತ್ತದೆ. ಬಳಸಿದ ಎಣ್ಣೆ ಎಷ್ಟರ ಮಟ್ಟಿಗೆ ಕೆಡಬಹುದು ಎಂಬುದಕ್ಕೆ 2018ರ ಜುಲೈ 1ರಿಂದ ಕಾನೂನಿನ ಮಿತಿಯೂ ಇದೆ. ನೊರೆ ಏಳುವ, ಬಣ್ಣ ಗಾಢವಾದ, ಬೇಗನೆ ಹೊಗೆಯಾಡುವ ಎಣ್ಣೆಯನ್ನು ಚೆಲ್ಲಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಎಣ್ಣೆಯ ಬೆಲೆ ದುಬಾರಿ. ಆದರೆ ಆ ಉಳಿತಾಯವನ್ನು ನಾವು ಬೇರೆಯವರ ಮಕ್ಕಳ ಹೊಟ್ಟೆಯಿಂದ ತೆಗೆಯುತ್ತಿದ್ದೇವೆ ಎಂಬ ಅರಿವು ಇರಲಿ. ಅದೇ ರೀತಿ ಕರಿದ ತಿಂಡಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನು 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಮುದ್ರಣದ ಮಸಿ ಎಣ್ಣೆಯೊಂದಿಗೆ ಆಹಾರಕ್ಕೆ ಇಳಿಯುತ್ತದೆ.

ಮೂರನೆಯದು ಚೀಟಿ. ಉಪ್ಪಿನಕಾಯಿ, ಕೇಕ್, ಹಲ್ವಾಗಳಂತೆ ಮೊದಲೇ ಪೊಟ್ಟಣ ಕಟ್ಟಿ ಮಾರುವ ಆಹಾರದ ಮೇಲೆ ಹೆಸರು, ಸೇರಿಸಿದ ಪದಾರ್ಥಗಳು, ತೂಕ, ತಯಾರಾದ ದಿನ, ಬಳಸಬೇಕಾದ ಅವಧಿ, ತಯಾರಕರ ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ವೃತ್ತ, ಮಾಂಸಾಹಾರಕ್ಕೆ ಕಂದು ಚೌಕದೊಳಗೆ ಕಂದು ತ್ರಿಕೋನ. ಮೊಟ್ಟೆ ಹಾಕಿದ ಕೇಕ್‌ಗೂ ಕಂದು ಗುರುತೇ ಬೇಕು. ಇದು ಬರೀ ಕಾನೂನಿನ ಮಾತಲ್ಲ. ನಮ್ಮ ಅಡುಗೆಯನ್ನು ಕೊಳ್ಳುವವರಲ್ಲಿ ಹಿಂದೂ, ಕ್ರೈಸ್ತ, ಜೈನ ನೆರೆಹೊರೆಯವರೂ ಇದ್ದಾರೆ. ಕೋಳಿ ಕಟ್ಲೆಟ್ ಕರಿದ ಎಣ್ಣೆಯಲ್ಲಿಯೇ ತರಕಾರಿ ಸಮೋಸ ಕರಿದು, ಸಸ್ಯಾಹಾರಿ ನೆರೆಯವರಿಗೆ ಏನೂ ಹೇಳದೆ ಕೊಡುವುದು ನಂಬಿಕೆದ್ರೋಹ. ನಮ್ಮ ಆಹಾರದಲ್ಲಿ ಹಂದಿಯ ಕೊಬ್ಬು ಬೆರೆತಿದೆಯೇ ಎಂದು ನಾವು ಪಡುವ ಆತಂಕವನ್ನು ನೆನೆಸಿಕೊಂಡರೆ ಅವರ ಆತಂಕವೂ ನಮಗೆ ಅರ್ಥವಾಗುತ್ತದೆ. ಕೇಕ್ ತಯಾರಿಸುವ ಸಹೋದರಿಯರು ಜೆಲಾಟಿನ್ ಯಾವುದರಿಂದ ಮಾಡಿದ್ದು, ಎಸೆನ್ಸ್‌ನಲ್ಲಿ ಏನಿದೆ ಎಂದು ತಿಳಿದು ಬರೆಯುವುದೂ ಇದೇ ಅಮಾನತಿನ ಭಾಗ.

ಕೊಳ್ಳುವ ಕೊಡುವ ಮಾತು

ಮನೆಯಡುಗೆಯ ವ್ಯಾಪಾರದಲ್ಲಿ ಜಗಳಗಳು ಹೆಚ್ಚಾಗಿ ಹುಟ್ಟುವುದು ಮುಂಗಡ ಬೇಡಿಕೆಗಳಿಂದ. "ಇಪ್ಪತ್ತು ಜನರಿಗೆ ಬಿರಿಯಾನಿ" ಎಂದು ಹೇಳಿ ಹಣ ಕೊಟ್ಟಿರುತ್ತಾರೆ. ಇಪ್ಪತ್ತು ಜನರಿಗೆ ಎಂದರೆ ಎಷ್ಟು ಎಂದು ಯಾರೂ ಹೇಳಿರುವುದಿಲ್ಲ. ಪ್ರವಾದಿ(ಸ)ರು ಮದೀನಕ್ಕೆ ಬಂದಾಗ ಅಲ್ಲಿನ ಜನರು ಹಣ್ಣುಗಳಿಗೆ ಮುಂಗಡ ಹಣ ಕೊಟ್ಟು ವ್ಯಾಪಾರ ಮಾಡುತ್ತಿದ್ದರು. ಅವರು ಅದನ್ನು ನಿಷೇಧಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ನಿಶ್ಚಿತವಾಗಿರಲಿ ಎಂದು ಕಲಿಸಿದರು. ಆದುದರಿಂದ ಅಕ್ಕಿ ಎಷ್ಟು ಕಿಲೋ, ಮಾಂಸ ಎಷ್ಟು ಕಿಲೋ, ಯಾವ ದಿನ, ಯಾವ ಹೊತ್ತಿಗೆ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿಯೇ ಬರೆದು ಒಪ್ಪಿಕೊಳ್ಳಲಿ. ಮುತಫ್ಫಿಫೀನ್ ಅಧ್ಯಾಯದ ಆರಂಭದ ಎಚ್ಚರಿಕೆ ತಕ್ಕಡಿಗೆ ಮಾತ್ರವಲ್ಲ, ಬಿರಿಯಾನಿಯ ಸೌಟಿಗೂ ಅನ್ವಯಿಸುತ್ತದೆ.

ಆಹಾರದಲ್ಲಿ ದೋಷ ಕಂಡುಬಂದರೆ ಹಿಂದಿರುಗಿಸುವ ಹಕ್ಕು ಗಿರಾಕಿಗಿದೆ ಎಂಬುದು ನಮ್ಮ ಫಿಕ್ಹ್ ಗ್ರಂಥಗಳ ನಿಲುವು. "ತಿಂದಾಯಿತಲ್ಲ, ಇನ್ನೇನು" ಎಂದು ವಾದಿಸುವುದಕ್ಕಿಂತ ಹಣ ಹಿಂದಿರುಗಿಸುವುದರಲ್ಲಿ ಬರ್ಕತ್ ಇದೆ. ಕೊಳ್ಳುವವರೂ ಮಾರುವವರೂ ಸತ್ಯ ಹೇಳಿ, ಇರುವುದನ್ನು ಸ್ಪಷ್ಟಪಡಿಸಿದರೆ ಅವರ ವ್ಯಾಪಾರದಲ್ಲಿ ಬರ್ಕತ್ ಉಂಟಾಗುತ್ತದೆ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆ ಎಂಬ ಹಕೀಮ್ ಬಿನ್ ಹಿಝಾಮ್(ರ)ರ ವರದಿಯನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಡಬಹುದು. ಈರುಳ್ಳಿ ಹೆಚ್ಚಲು, ಪಾತ್ರೆ ತೊಳೆಯಲು ಬರುವ ಸಹಾಯಕಿಯ ಕೂಲಿಯೂ ಆ ದಿನವೇ ಸಲ್ಲಲಿ. ತನ್ನ ಹಣಕ್ಕಾಗಿ ಗಿರಾಕಿಯ ಬಾಗಿಲಿಗೆ ಅಲೆದವಳು ಇನ್ನೊಬ್ಬಳನ್ನು ಅಲೆಸಬಾರದು.

ಆಕ್ಷೇಪಗಳು

ಇದನ್ನೆಲ್ಲ ಹೇಳಿದಾಗ ಎರಡು ಉತ್ತರಗಳು ಬರುತ್ತವೆ. ಒಂದು: ನಾವು ನಮ್ಮವರಿಗೇ ಮಾರುವುದು, ನಂಬಿಕೆಯೇ ಸಾಕು. ಆದರೆ ನಂಬಿಕೆ ಹೆಚ್ಚಿದಷ್ಟೂ ಹೊಣೆ ಹೆಚ್ಚುತ್ತದೆ. ಹೋಟೆಲಿನ ಊಟವನ್ನು ಅನುಮಾನದಿಂದ ನೋಡುವ ತಾಯಿ ಮನೆಯಡುಗೆಯೆಂದು ಕೇಳಿದೊಡನೆ ಮಗುವಿನ ಬಾಯಿಗೆ ಇಡುತ್ತಾಳೆ. ಮನೆ ಎಂಬ ಆ ಒಂದು ಪದಕ್ಕಾಗಿಯೇ ಅವಳು ಹಣ ಕೊಡುತ್ತಾಳೆ. ನಾವು ಮಾರುತ್ತಿರುವುದು ಆ ನಂಬಿಕೆಯನ್ನೇ ಆದ ಮೇಲೆ ಅದಕ್ಕೆ ತಕ್ಕ ಎಚ್ಚರ ನಮ್ಮದಾಗಬೇಕು.

ಎರಡು: ನೋಂದಣಿ ಮಾಡಿಸಿದರೆ ಅಧಿಕಾರಿಗಳು ಬರುತ್ತಾರೆ, ತೆರಿಗೆ ಕೇಳುತ್ತಾರೆ, ಕಚೇರಿಗೆ ಅಲೆಯಬೇಕಾಗುತ್ತದೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಓದುಬರಹ ಕಡಿಮೆ ಇರುವ, ಗಂಡಸರಿಲ್ಲದ ಮನೆಯ ಸಹೋದರಿಗೆ ಸರಕಾರಿ ಕಚೇರಿಯ ಮೆಟ್ಟಿಲು ಎತ್ತರವಾಗಿಯೇ ಕಾಣುತ್ತದೆ. ಆದರೆ ಆಹಾರ ನೋಂದಣಿಯೊಂದರಿಂದಲೇ ತೆರಿಗೆಯ ಹೊಣೆ ಹುಟ್ಟುವುದಿಲ್ಲ. ಪರಿಶೀಲನೆಗೆ ಬಂದವರಿಗೆ ತೋರಿಸಲು ಶುಚಿಯಾದ ಅಡುಗೆಮನೆ ಇದ್ದರೆ ಹೆದರಬೇಕಾದುದೂ ಇಲ್ಲ. ನೋಂದಣಿ ಇಲ್ಲದವಳು ನಿಜವಾಗಿ ಅಸಹಾಯಕಳಾಗುವುದು ಏನಾದರೂ ಅನಾಹುತ ಸಂಭವಿಸಿದಾಗ. ಆಗ ಅವಳ ಪರವಾಗಿ ಮಾತನಾಡುವ ಒಂದು ಕಾಗದವೂ ಇರುವುದಿಲ್ಲ. ಆ ಒಂಬತ್ತು ಮಕ್ಕಳ ಘಟನೆಯಲ್ಲಿ ನಾನು ಕಂಡದ್ದು ಇದನ್ನೇ. ತಪ್ಪಿನಲ್ಲಿ ಮದ್ರಸಕ್ಕೂ ಪಾಲಿತ್ತು. ಆದರೆ ಶಿಕ್ಷೆ ಒಬ್ಬಳ ಮೇಲೆ ಮಾತ್ರ ಬಿತ್ತು.

ಹೀಗಿರುವಾಗ ಈ ಸಹೋದರಿಯರಿಗೆ ಉಪದೇಶ ನೀಡಿ ಮನೆಗೆ ಹೋಗುವುದು ನ್ಯಾಯವಲ್ಲ. ಮಸೀದಿಯ ಜಮಾಅತ್ ಸಮಿತಿಗಳು ವರ್ಷಕ್ಕೊಮ್ಮೆ, ರಜಬ್ ಅಥವಾ ಶಅಬಾನ್ ತಿಂಗಳಲ್ಲಿ, ಒಂದು ದಿನವನ್ನು ಇದಕ್ಕಾಗಿ ಮೀಸಲಿಡಲಿ. ಮದ್ರಸದ ಕಂಪ್ಯೂಟರ್‌ನಲ್ಲಿ ಓದಿದ ಯುವತಿಯರು ಅರ್ಜಿ ತುಂಬಿಸಿ ಕೊಡಲಿ. ಅಗತ್ಯವಿರುವವರ ಶುಲ್ಕವನ್ನು, ಬಾವಿ ನೀರಿನ ಪರೀಕ್ಷೆಯ ಖರ್ಚನ್ನು ಸಮಿತಿಯೇ ಭರಿಸಲಿ. ಇಫ್ತಾರ್‌ಗೆ ಆಹಾರ ತರಿಸುವ ಸಂಸ್ಥೆಗಳು ನೋಂದಣಿ ಇರುವ ಮನೆಯಡುಗೆಗಳಿಗೆ ಆದ್ಯತೆ ಕೊಡಲಿ; ತಾವೂ ತಲುಪಿಸುವ ಹೊತ್ತನ್ನು ಸರಿಯಾಗಿ ನಿಗದಿಪಡಿಸಲಿ. ಶುಕ್ರವಾರದ ಭಾಷಣದಲ್ಲಿ ಬಡ್ಡಿಯ ವಿರುದ್ಧ ಮಾತನಾಡುವ ನಾವು ಹಳಸಿದ ಎಣ್ಣೆಯ ಬಗ್ಗೆಯೂ ಒಮ್ಮೆ ಮಾತನಾಡಬಾರದೇಕೆ?

ಕೊನೆಯದಾಗಿ, ನಾವು ಬಾಲ್ಯದಿಂದ ಕೇಳುತ್ತ ಬಂದಿರುವ ಆ ಹಾಲು ಮಾರುವ ಹುಡುಗಿಯ ವೃತ್ತಾಂತ. ಖಲೀಫಾ ಉಮರ್(ರ)ರು ರಾತ್ರಿ ಮದೀನದ ಬೀದಿಯಲ್ಲಿ ಗಸ್ತು ತಿರುಗುತ್ತಿದ್ದಾಗ ಒಂದು ಮನೆಯಿಂದ ತಾಯಿ ಮಗಳ ಮಾತು ಕೇಳಿಬಂತು. ಹಾಲಿಗೆ ನೀರು ಬೆರೆಸಲು ತಾಯಿ ಹೇಳುತ್ತಿದ್ದಳು, ಮಗಳು ನಿರಾಕರಿಸುತ್ತಿದ್ದಳು. ಉಮರ್ ಇಲ್ಲಿ ನೋಡುತ್ತಿಲ್ಲವಲ್ಲ ಎಂದು ತಾಯಿ ಹೇಳಿದಾಗ ಉಮರ್ ನೋಡದಿದ್ದರೂ ಉಮರರ ಪ್ರಭು ನೋಡುತ್ತಿದ್ದಾನೆ ಎಂದು ಮಗಳು ಉತ್ತರಿಸಿದಳು. ಖಲೀಫರು ಆ ಹುಡುಗಿಯನ್ನು ತಮ್ಮ ಪುತ್ರ ಆಸಿಮ್‌ಗೆ ವಿವಾಹ ಮಾಡಿಸಿದರೆಂದೂ ಅವಳ ಸಂತತಿಯಲ್ಲೇ ಉಮರ್ ಬಿನ್ ಅಬ್ದುಲ್ ಅಝೀಝ್‌ರು ಜನಿಸಿದರೆಂದೂ ಚರಿತ್ರಕಾರರು ದಾಖಲಿಸಿದ್ದಾರೆ.

ಈ ವೃತ್ತಾಂತದ ಅಂತ್ಯವನ್ನು ನಾವೆಲ್ಲ ಹೇಳುತ್ತೇವೆ, ಆರಂಭವನ್ನು ಮರೆಯುತ್ತೇವೆ. ಆ ಹುಡುಗಿ ತಾಯಿಗೆ ಮೊದಲು ನೆನಪಿಸಿದ್ದು ಹಾಲಿಗೆ ನೀರು ಬೆರೆಸಬಾರದೆಂದು ಖಲೀಫರು ಹೊರಡಿಸಿದ್ದ ಆದೇಶವನ್ನು. ಅಲ್ಲಾಹನ ಭಯದ ಮಾತು ಆಮೇಲೆ ಬಂತು. ಜನರ ಹಿತಕ್ಕಾಗಿ ಆಡಳಿತ ಮಾಡಿದ ನಿಯಮ ಮತ್ತು ಅಲ್ಲಾಹನ ಮುಂದಿನ ಉತ್ತರದಾಯಿತ್ವ, ಇವೆರಡೂ ಅವಳಿಗೆ ಬೇರೆ ಬೇರೆಯಾಗಿ ಕಾಣಲಿಲ್ಲ. ಅವಳದೂ ಒಂದು ಮನೆಯ ವ್ಯಾಪಾರವೇ ಆಗಿತ್ತು; ಮುಚ್ಚಿದ ಬಾಗಿಲಿನ ಹಿಂದೆ, ಯಾರೂ ನೋಡದ ಹೊತ್ತಿನಲ್ಲಿ.

ನಾನು ಆರಂಭದಲ್ಲಿ ಹೇಳಿದ ಸಹೋದರಿ ಎರಡು ವರ್ಷಗಳ ಬಳಿಕ ಮತ್ತೆ ಅಡುಗೆ ಆರಂಭಿಸಿದ್ದಾರೆ. ಈ ಬಾರಿ ಅವರ ಅರ್ಜಿಯನ್ನು ತುಂಬಿಸಿದವನು ನಾನು. ನೋಂದಣಿ ಪತ್ರ ಅವರ ಅಡುಗೆಮನೆಯ ಬಾಗಿಲ ಬಳಿ ತೂಗುತ್ತಿದೆ. ಹಳೆಯ ಗಿರಾಕಿಗಳೆಲ್ಲ ಮರಳಿ ಬಂದಿಲ್ಲ. ಕಳೆದ ರಮದಾನ್‌ನಲ್ಲಿ ಮದ್ರಸದ ಇಫ್ತಾರ್‌ಗಾಗಿ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ: "ಅಸ್ರ್ ಆದ ಮೇಲೆಯೇ ಕೊಡುತ್ತೇನೆ ಉಸ್ತಾದರೇ. ಅದಕ್ಕೆ ಮೊದಲು ಬೇಕಾದರೆ ಬೇರೆಯವರನ್ನು ನೋಡಿ." ನಾವು ಅಸ್ರ್ ಆಗುವವರೆಗೆ ಕಾದೆವು.

ಅಲ್ಲಾಹನು ನಮ್ಮ ಸಹೋದರಿಯರ ದುಡಿಮೆಯಲ್ಲಿ ಬರ್ಕತ್ ನೀಡಲಿ, ಹಲಾಲ್ ಮತ್ತು ತಯ್ಯಿಬ್ ಎರಡನ್ನೂ ಜೊತೆಯಾಗಿ ಪಾಲಿಸುವ ಸದ್ಬುದ್ಧಿಯನ್ನು ನಮಗೆಲ್ಲ ಕರುಣಿಸಲಿ. ಆಮೀನ್.